ಜನರಲ್ ಎದ್ದುಹೋದ ಮೇಲೆ

ಹಲೋ… ಹಲೋ, ಯಾರು?… ಸ್ವಲ್ಪ ಜೋರಾಗಿ ಹೇಳಿ. ಒಲೆ ಹಚ್ಚಿದ್ದೀನಿ, ಗಾಳಿ ಊದೋ ಸದ್ದಿಗೆ ಕಿವಿ ಕಿತ್ತುಹೋಗ್ತಿದೆ. ಯಾರು ಮಾತಾಡ್ತಿರೋದು?…

ಓ, ಕಾರ್ನೀಲಿಯಾ ಟೀಚರ್!… ಹೌದು, ಲೂಷಿಯಸ್ಸೇ. ಈ ಎರಕದ ಮನೇಲಿ ನಾನಲ್ದೆ ಇನ್ಯಾರು ಫೋನ್ ಎತ್ತುತಾರೆ… ಮರೆತಿಲ್ಲ ಟೀಚರ್, ಮರೀತೀನಾ? ನಿಮ್ಮ ಮನೆ ಫಲಕ ಇವತ್ತೇ ಹೊಯ್ಯೋದು. ಅಕ್ಷರ ಎಲ್ಲಾ ಹಲಗೆ ಮೇಲೆ ಮೇಣ ಹಚ್ಚಿ ಅಂಟಿಸಿ ಆಯ್ತು. ಇನ್ನರ್ಧ ಗಂಟೇಲಿ ಕಂಚು ಕರಗುತ್ತೆ, ಅಷ್ಟರಲ್ಲಿ ಹಲಗೇನ ಮರಳಿಗೆ ಒತ್ತಿಬಿಟ್ರೆ ಆಯ್ತು. ಶನಿವಾರ ಜುಲೈ ನಾಲ್ಕು, ದೇಶಕ್ಕೆ ಇನ್ನೂರೈವತ್ತು ವರ್ಷ. ಮೇಯರ್ ಬಂದು ಪರದೆ ಎಳೆಯೋ ಹೊತ್ತಿಗೆ ನಿಮ್ಮ ಗೋಡೆ ಮೇಲೆ ಪಳಪಳ ಅಂತಿರುತ್ತೆ…

ತಡೀಬೇಕಾ? ಯಾಕೆ?…

ಯಾವ ಹುಡುಗಿ?… ಹಾಂ, ರಾಜ್ಯದ ಕಚೇರಿಯಿಂದ ಕಾಗದಪತ್ರ ನೋಡೋಕೆ ಬಂದಿದ್ದೋಳು. ಕನ್ನಡಕದ ಹುಡುಗಿ. ಮೂರು ವಾರ ನಿಮ್ಮ ಅಟ್ಟದ ಮೇಲೇ ಇದ್ದಳು ಅಲ್ವಾ? ನೀವು ದಿನಾ ಸೇಬಿನ ಕಡುಬು ಮಾಡಿ ಹಾಕಿದ್ರಿ… ತಿಂದ ಮನೆಗೇ ಕನ್ನ ಹಾಕಿದ್ಲಾ? ಏನಂತೆ ಅವಳ ತಕರಾರು?…

ಮೊದಲನೇ ಸಾಲಾ? "ಜನರಲ್ ವಾಷಿಂಗ್ಟನ್ ಈ ಮನೆಯಲ್ಲಿ ಒಂದು ರಾತ್ರಿ ತಂಗಿದ್ದರು". ಇಲ್ಲೇ ಇದೆ, ಕಣ್ಣೆದುರಿಗೇ… ತಂಗಿರಲಿಲ್ವಾ?… ಅವತ್ತು ನಲವತ್ತು ಮೈಲಿ ಆಚೆ ಇದ್ರಾ? ಅವರದ್ದೇ ಕೈಬರಹದ ಕಾಗದ ಇದೆಯಂತಾ?… ಅಯ್ಯೋ. ಮತ್ತೆ ಮಹಡಿ ಮೇಲೆ ಹಗ್ಗ ಕಟ್ಟಿ ಇಟ್ಟಿದ್ದೀರಲ್ಲ, ಆ ಮಂಚ?… ಮಂಚ ಮಾಡಿದ್ದೇ ಅವರು ಸತ್ತು ಮೂವತ್ತು ವರ್ಷ ಆದ ಮೇಲಾ!

ನಗ್ತಿಲ್ಲ ಟೀಚರ್, ಕೆಮ್ಮು. ಹೊಗೆ… ಬೇಜಾರು ಮಾಡ್ಕೋಬೇಡಿ. ಈ ನ್ಯೂಜೆರ್ಸಿ ಸೀಮೇಲಿ ಅವರು ಮಲಗಿದ್ರು ಅಂತ ನಾನೇ ಹನ್ನೊಂದು ಫಲಕ ಹೊಯ್ದಿದ್ದೀನಿ. ಅಷ್ಟೆಲ್ಲಾ ಮಲಗಿದ್ರೆ ಯುದ್ಧ ಯಾವಾಗ ಮಾಡಿದ್ರು ಪಾಪ… ಆಯ್ತು, ಕೀಳ್ತಿದ್ದೀನಿ. ಚಾಕು ತಗೊಂಡೆ. ಕೇಳಿಸ್ತಾ ಟಕ್ ಟಕ್ ಅಂತ? ಅಕ್ಷರ ಡಬ್ಬಿಗೆ ಬೀಳ್ತಿರೋದು… ಹೋದ್ರು ಜನರಲ್, ಎದ್ದುಹೋದ್ರು. ಮುಂದೆ?

ಎರಡನೇ ಸಾಲು, "1776ರ ಜುಲೈ ನಾಲ್ಕರಂದು ಸ್ವಾತಂತ್ರ್ಯ ಘೋಷಣೆಗೆ ಸಹಿ ಬಿದ್ದ ಕೂಡಲೇ ಈ ಅಂಗಳದಲ್ಲಿ ಗಂಟೆ ಬಾರಿಸಲಾಯಿತು"… ಅದೂ ಇಲ್ವಾ? ಸಹಿ ಬಿದ್ದಿದ್ದೇ ಆಗಸ್ಟಲ್ಲಾ?… ಹೂಂ, ಅದಿರಲಿ, ಆವಾಗ ಫೋನ್ ಇತ್ತಾ ತಂತಿ ಇತ್ತಾ? ಕುದುರೆ ಮೇಲೆ ಸುದ್ದಿ ಬರ್ಬೇಕು. ಅವತ್ತೇ ನಿಮ್ಮ ಹಿರಿಯರಿಗೆ ಗೊತ್ತಾಯ್ತು ಅಂದ್ರೆ ಅವರಿಗೆ ಕನಸು ಬಿದ್ದಿರ್ಬೇಕು… ಇಲ್ಲ, ಅಕ್ಷರ ಅಂಟಿಸೋವಾಗ ನನಗೂ ಹೊಳೀಲಿಲ್ಲ. ಎತ್ತು ಕರು ಹಾಕ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಕಸುಬು ನಂದು. ನೀವು ಬರೆದುಕೊಟ್ಟಿದ್ದನ್ನ ಹೊಯ್ಯೋದು, ಉಜ್ಜೋದು. ಕಂಚಿಗೆ ನಿಜ ಸುಳ್ಳು ಗೊತ್ತಾಗಲ್ಲ ಟೀಚರ್, ಎರಡೂ ಒಂದೇ ಬಿಸಿಗೆ ಕರಗುತ್ತೆ…

ಕಿತ್ತೆ. ಗಂಟೇನೂ ಡಬ್ಬಿಗೆ ಬಿತ್ತು.

ಬಾವುಟದ ಸಾಲಾದ್ರೂ ಇರಲಿ ಅಂದ್ಲಾ? ನಿಮ್ಮ ಅಜ್ಜಿಯ ಮುತ್ತಜ್ಜಿ ದೇಶದ ಮೊದಲನೇ ಬಾವುಟ ಹೊಲಿದಿದ್ದು?… ಏನು?… ಯಾವ ಹೊಲಿಗೆ?… ನೀವು ಪೆಟ್ಟಿಗೇಲಿಟ್ಟಿರೋ ಆ ಬಾವುಟ ಮಿಷಿನ್ ಹೊಲಿಗೇನಾ! ಹೊಲಿಗೆ ಯಂತ್ರ ಬಂದಿದ್ದೇ ಎಪ್ಪತ್ತು ವರ್ಷ ಆದ್ಮೇಲೆ ಅಲ್ವಾ…

ಟೀಚರ್… ಟೀಚರ್, ಅಳ್ಬೇಡಿ. ಎಂಬತ್ತನಾಲ್ಕು ವಯಸ್ಸಲ್ಲಿ ಬಟ್ಟೆ ತುಂಡಿಗೆ ಅಳ್ತಾರಾ? ನೀವೇನು ಬೇಕಂತ ಸುಳ್ಳು ಹೇಳಿದ್ರಾ? ನಿಮಗೆ ನಿಮ್ಮಜ್ಜಿ ಹೇಳಿದ್ದು, ಅವರಿಗೆ ಅವರಜ್ಜಿ… ಮೂಗು ಒರೆಸ್ಕೊಳ್ಳಿ. ಕಾಯ್ತೀನಿ…

ಅಲ್ಲಾ, ನೆನಪಾಯ್ತು. ಮೂರನೇ ಕ್ಲಾಸಲ್ಲಿ ನಮಗೆ ಹೇಳಿಕೊಟ್ಟಿದ್ರಲ್ಲ, ಜನರಲ್‌ಗೆ ಮರದ ಹಲ್ಲಿತ್ತು ಅಂತ? ಮನೆಗೆ ಓಡಿಹೋಗಿ ನಮ್ಮ ತಾತನಿಗೆ ಹೇಳಿದೆ. ತಾತ ಪೈಪ್ ತೆಗೆದು, "ಮರದ್ದಲ್ಲ ಕಣೋ. ಕೆಲವು ಹಲ್ಲು ಅವರ ಗುಲಾಮರಲ್ಲಿ ಯಾರ ಬಾಯಿಂದ ಬಂದಿದ್ದು ಅಂತ ಕೇಳು ನಿಮ್ಮ ಟೀಚರನ್ನ" ಅಂದ… ಇಲ್ಲ, ಕೇಳ್ಲಿಲ್ಲ. ನಿಮ್ಮ ಕೋಲು ನೋಡಿದ್ರೆ ನನ್ನ ಹಲ್ಲೇ ಉದುರೋ ಹಾಗಿತ್ತು…

ಹಾಂ, ನಕ್ರಿ. ಒಳ್ಳೇದಾಯ್ತು. ಬಾವುಟಾನೂ ಕಿತ್ತು ಡಬ್ಬಿಗೆ ಹಾಕ್ದೆ. ಈಗ ನಾಲ್ಕನೇ ಸಾಲು ನಾನೇ ಓದ್ತೀನಿ. "ಗುಲಾಮಗಿರಿಯ ಕಳಂಕವಿಲ್ಲದ ಉತ್ತರದ ನೆಲದಲ್ಲಿ ಸ್ವಾತಂತ್ರ್ಯಪ್ರಿಯ ಟೆನ್‌ಬ್ರೂಕ್ ಮನೆತನ ಇಲ್ಲಿ ಬಾಳಿತು". ಇದಕ್ಕೇನಂದ್ಲು ಹುಡುಗಿ?…



ಏನೂ ಅನ್ಲಿಲ್ವಾ. ಸುಮ್ಮನೆ ನಿಮ್ಮ ಮುಖ ನೋಡಿದ್ಲಾ… ಹೂಂ… ಇಲ್ಲ, ನಾನು ಏನೂ ಹೇಳ್ತಿಲ್ಲ. ನಾನ್ಯಾಕೆ ಹೇಳ್ಲಿ? ನಂದೂ ಟೆನ್‌ಬ್ರೂಕ್, ನಿಮ್ದೂ ಟೆನ್‌ಬ್ರೂಕ್. ನೀವು ಹಾಲಿನ ಬಣ್ಣ, ನಾನು ಈ ಒಲೆ ಮಸಿ ಬಣ್ಣ. ಮೊದಲನೇ ದಿನ ಹಾಜರಿ ಕೂಗುವಾಗ ಕಾಕತಾಳೀಯ ಅಂದ್ರಿ ನೀವು. ಮಕ್ಕಳೆಲ್ಲಾ ತಿರುಗಿ ನನ್ನನ್ನ ನೋಡಿದ್ರು. ಅಂಗೈ ಹುಣ್ಣು ನೋಡೋಕೆ ಕನ್ನಡಿ ಯಾಕೆ ಟೀಚರ್… ಕೀಳ್ಲಾ? ನಾಲ್ಕನೇದೂ?… ಕಿತ್ತೆ.

ಈಗ ಹಲಗೆ ಮೇಲೆ ದೇಶದ ಲಾಂಛನದ ಹದ್ದೊಂದೇ ಉಳೀತು ನೋಡಿ, ರೆಕ್ಕೆ ಬಿಚ್ಕೊಂಡು ಕೂತಿದೆ. ಅದಕ್ಕಾದ್ರೂ ಪುರಾವೆ ಇದೆಯಾ?…

ನಿಧಾನ, ನಿಧಾನ. ಅವಳಿಗೆ ನಿಜವಾದ್ದು ಒಂದು ಸಿಕ್ತಾ?… ಜುಲೈ ನಾಲ್ಕನೇ ತಾರೀಕಿಂದೇನಾ! ಮತ್ತೆ ಇಷ್ಟೊತ್ತು ಯಾಕೆ ಅಳ್ತಿದ್ರಿ? ಹೇಳಿ, ಬರ್ಕೋತೀನಿ. ಎಲ್ಲಿ ಸಿಕ್ತು?… ನಿಮ್ಮ ಮನೆ ಬೈಬಲ್ಲಿನ ಹಿಂದಿನ ಹಾಳೇಲಿ. ಸರಿ. ಯಾವ ವರ್ಷ?… ಸಾವಿರದ ಎಂಟುನೂರ ನಾಲ್ಕು…

"ಅಡುಗೆಮನೆಯಲ್ಲಿ ಫಿಲ್ಲಿಸಳಿಗೆ ಹೆಣ್ಣುಮಗು. ಹೆಸರು…"

ತಡೀರಿ. ಹೆಸರು ನಾನು ಹೇಳ್ಲಾ? ಸೂಕಿ…

ಹೇಗೆ ಗೊತ್ತು ಅಂದ್ರೆ, ನಮ್ಮ ತಾತನ ಅಜ್ಜಿ ಅವಳು. ಊರ ಹಿಂದೆ ಸ್ಮಶಾನದ ಬೇಲಿ ಆಚೆ ಮಲಗಿದ್ದಾಳೆ… ಏನಂದ್ರಿ, ನಿಮಗೆ ಸಂತೋಷ ಆಯ್ತಾ? ಕರೆಕ್ಟಾಗಿ ಸ್ವಾತಂತ್ರ್ಯದ ದಿನವೇ ಹುಟ್ಟಿದ ಮಗು, ಫಲಕಕ್ಕೆ ಇದಕ್ಕಿಂತ ಚೆನ್ನಾಗಿರೋದು ಇನ್ನೇನು ಅಂತೀರಾ…

ಒಂದ್ನಿಮಿಷ. ಗಾಳಿ ನಿಲ್ಲಿಸ್ತೀನಿ. ಇದನ್ನ ಕೂಗಿ ಹೇಳೋಕಾಗಲ್ಲ…

ಹಾಂ. ಈಗ ಕೇಳಿಸ್ತಿದೆಯಾ? ಟೀಚರ್, ಆ ವರ್ಷ ನಮ್ಮ ಜೆರ್ಸಿಯಲ್ಲಿ ಒಂದು ಕಾನೂನು ಬಂತು, ಗೊತ್ತಾ ನಿಮಗೆ?… ಹುಡುಗಿ ಹೇಳ್ಲಿಲ್ವಾ? ಅವಳಿಗೆ ನಿಮ್ಮ ಕಣ್ಣೀರು ನೋಡಿ ಬಾಯಿ ಕಟ್ಟಿರ್ಬೇಕು. ಆ ವರ್ಷದ ಜುಲೈ ನಾಲ್ಕನೇ ತಾರೀಕಿನ ನಂತರ ಗುಲಾಮರಿಗೆ ಹುಟ್ಟಿದ ಮಕ್ಕಳು ಗುಲಾಮರಲ್ಲ ಅಂತ ಕಾನೂನು. ಹೆಣ್ಣಾದ್ರೆ ಇಪ್ಪತ್ತೊಂದು ವರ್ಷ ದುಡಿದು ಹೋಗಬಹುದು. ನಂತರ ಅಂತ ಬರೆದಿದ್ರು, ಟೀಚರ್. ನಾಲ್ಕನೇ ತಾರೀಕು ಹುಟ್ಟಿದ್ರೆ ಸಾಯೋ ತನಕ ಗುಲಾಮಳೇ…

ಹೌದು. ಒಂದು ದಿನ…

ಫಿಲ್ಲಿಸ್‌ಗೆ ಗೊತ್ತಿತ್ತು. ಓದು ಬರಹ ಇಲ್ದೆ ಇದ್ರೂ ಆ ತಾರೀಕು ಅವಳಿಗೆ ಬಾಯಿಪಾಠ. ಮಧ್ಯಾಹ್ನ ನೋವು ಶುರುವಾಯ್ತಂತೆ. ನಿಮ್ಮ ಅಂಗಳದಲ್ಲಿ ಹಬ್ಬ, ಬಂದೂಕು ಹಾರಿಸೋದು, ಕುಡಿಯೋದು, ಸ್ವಾತಂತ್ರ್ಯಕ್ಕೆ ಜೈ ಅನ್ನೋದು. ಇವಳು ಅಡುಗೆಮನೇಲಿ ಬಟ್ಟೆ ಕಚ್ಕೊಂಡು ಹೊತ್ತು ತಳ್ತಿದ್ಲು. ಹಜಾರದ ಗಡಿಯಾರ ಹನ್ನೆರಡು ಹೊಡೆದ ಮೇಲೆ ಸೂಲಗಿತ್ತಿ "ಇನ್ನು ಬಿಡು ತಾಯಿ" ಅಂದ್ಲಂತೆ. ಆಗ ಹುಟ್ಟಿದ್ದು ಸೂಕಿ. ಐದನೇ ತಾರೀಕು. ಬೆಳಿಗ್ಗೆ ನಿಮ್ಮ ಹಿರಿಯರು ಕಾಫಿ ಕುಡಿದು ಬೈಬಲ್ ತೆಗೆದು ನಾಲ್ಕು ಅಂತ ಬರೆದ್ರು…

ಹೇಳಿ… ಹೂಂ… ಅದೂ ಅಜ್ಜಿ ಕಥೇನೇ ಅಲ್ವಾ ಅಂತೀರಾ. ನಿಮ್ಮಜ್ಜಿಯ ಬಾವುಟ ಬಿತ್ತು, ನಮ್ಮಜ್ಜಿಯ ಗಡಿಯಾರ ಯಾಕೆ ನಿಲ್ಲಬೇಕು ಅಂತ…

ಸರಿಯಾಗಿ ಹೊಡೆದ್ರಿ ಟೀಚರ್. ಇಲ್ಲ, ಕೋಪ ಇಲ್ಲ. ನನ್ನ ಹತ್ರ ಕಾಗದ ಇಲ್ಲ. ಫಿಲ್ಲಿಸ್ ಸೂಕಿಗೆ ಹೇಳಿದ್ದು, ಸೂಕಿ ನಮ್ಮ ತಾತನನ್ನ ತೊಡೆ ಮೇಲೆ ಕೂರಿಸ್ಕೊಂಡು ಹೇಳಿದ್ದು, ತಾತ ನನಗೆ. ಅಷ್ಟೇ ಪುರಾವೆ. ಕಾಗದ ಇದ್ದಿದ್ದೆಲ್ಲಾ ನಿಮ್ಮನೇಲಿ, ಲೇಖನಿ ಇದ್ದಿದ್ದೂ ನಿಮ್ಮನೇಲಿ…

ಆದ್ರೆ ಒಂದು ಕೇಳ್ತೀನಿ. ಬಾವುಟ ಯಾರು ಹೊಲಿದ್ರೇನು, ಯಾರ ಊಟ ಹೋಯ್ತು? ಸೂಕಿಗೆ ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ನಲವತ್ತೆರಡು ವರ್ಷ ಆದ್ಮೇಲೆ ಸರ್ಕಾರದೋರು ಗುಲಾಮಳು ಅನ್ನೋ ಪದ ತೆಗೆದುಹಾಕಿ, "ಜೀವನಪೂರ್ತಿ ಕೆಲಸ ಕಲಿಯುವವಳು" ಅಂತ ಬರೆದ್ರು. ನಲವತ್ತೆರಡು ವರ್ಷ ಪಾತ್ರೆ ತಿಕ್ಕಿದೋಳು ಇನ್ನೇನು ಕಲೀಬೇಕಿತ್ತು ನಿಮ್ಮನೇಲಿ? ಅವಳ ಹೊಟ್ಟೇಲಿ ಹುಟ್ಟಿದೋರು ವಯಸ್ಸಿಗೆ ಬಂದ ಹಾಗೆ ಬಿಡುಗಡೆಯಾಗಿ ಹೊರಟ್ರು. ತಾಯಿ ಹಿತ್ತಲ ಬಾಗಿಲಲ್ಲಿ ನಿಂತು ಕೈ ಬೀಸಿದ್ಲು…

ಲಿಂಕನ್ನಾ? ಒಂದೇ ಸಹಿಗೆ ಎಲ್ಲರನ್ನೂ ಬಿಡಿಸಿದ್ರು ಅಂತ ನೀವೇ ಹೇಳಿಕೊಟ್ಟಿದ್ದು. ಆ ಸಹಿ ದಂಗೆ ಎದ್ದ ದಕ್ಷಿಣಕ್ಕೆ ಟೀಚರ್. ಇಲ್ಲಿಗೆ ಬರ್ಲಿಲ್ಲ ಅದು. ಉತ್ತರದಲ್ಲಿ ಗುಲಾಮರೇ ಇಲ್ವಲ್ಲ, ಬಿಡಿಸೋದು ಯಾರನ್ನ! ಇನ್ನೂ ಮೂರು ವರ್ಷ ಹಿಡೀತು. ಅವಳು ಹೊರಗೆ ಬಂದಾಗ ಅರವತ್ತೊಂದು…

ಹಾಂ… ಹಾಂ… ಕೇಳಿಸ್ಕೋತಿದ್ದೀನಿ…

ಹಬ್ಬದ ಸಮಿತಿಯೋರನ್ನ ಕೇಳ್ಬೇಕಾ? ಸಮಿತಿ ಸೇರೋದು ಮುಂದಿನ ಗುರುವಾರ, ಫಲಕ ಬೇಕಾಗಿರೋದು ಶನಿವಾರ. ಗಾಳಿ ನಿಂತ್ರೂ ಒಲೆ ಉರೀತಿದೆ, ಕಂಚು ಕೆಂಪಗಾಗ್ತಿದೆ… ಬರೀ "ಜುಲೈ ನಾಲ್ಕು, ಸೂಕಿ ಹುಟ್ಟಿದಳು" ಅಂತ ಹಾಕಿಬಿಡು ಅಂತೀರಾ? ಜನ ಖುಷಿಯಾಗಿ ಓದ್ತಾರೆ, ನಿಜ. ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೋತಾರೆ…

ಇಲ್ಲ ಟೀಚರ್. ಅದೊಂದು ನನ್ನ ಕೈಲಾಗಲ್ಲ… ಹೌದು, ಹೇಳ್ದೆ, ಕಂಚಿಗೆ ಗೊತ್ತಾಗಲ್ಲ ಅಂತ ಈಗ ತಾನೇ ಹೇಳ್ದೆ. ನಲವತ್ತು ವರ್ಷ ಊರಿನ ಸುಳ್ಳೆಲ್ಲಾ ಹೊಯ್ದೆ, ಉಜ್ಜಿದೆ, ನನಗೇನು ಅಂದ್ಕೊಂಡೆ. ಈ ನಾಲ್ಕು ಅನ್ನೋ ಅಂಕಿ ಕೈಯಲ್ಲಿ ಹಿಡ್ಕೊಂಡಿದ್ದೀನಿ, ಹಲಗೆ ಮೇಲೆ ಇಡೋಕೆ ಆಗ್ತಿಲ್ಲ. ಫಿಲ್ಲಿಸ್ ಅಷ್ಟು ಹೊತ್ತು ತಡ್ಕೊಂಡಿದ್ದನ್ನ ನಾನೇ ಇನ್ನೊಂದ್ಸಲ ಅಳಿಸಲಾ?…

ಬೈತಿಲ್ಲ ನಿಮ್ಮನ್ನ. ನೀವು ಬರೆದಿದ್ದಾ ಅದು? ಆದ್ರೆ ಒಂದು ಹೇಳ್ತೀನಿ, ಹೊಟ್ಟೇಲಿಟ್ಕೊಂಡು ಅರವತ್ತು ವರ್ಷ ಆಯ್ತು. ನೀವು ಬೋರ್ಡ್ ಮೇಲೆ "ಉತ್ತರದಲ್ಲಿ ಗುಲಾಮರಿರಲಿಲ್ಲ" ಅಂತ ಬರೆದ ದಿನ ನಾನು ಕೈ ಎತ್ತಿದ್ದೆ. ಸೂಕಿ ಕಥೆ ಹೇಳೋಣ ಅಂತ. ನೀವು "ಕೈ ಇಳಿಸು ಲೂಷಿಯಸ್, ಪ್ರಶ್ನೆ ಆಮೇಲೆ" ಅಂದ್ರಿ. ನೆನಪಿದೆಯಾ?…

ಇಲ್ವಾ. ಇರಲಿ ಬಿಡಿ. ಎಷ್ಟೋ ಮಕ್ಕಳು, ಎಷ್ಟೋ ಕೈ… ಏನದು ಕೊಯ್ ಕೊಯ್ ಅಂತಿರೋದು? ನಿಮ್ಮ ಫೋನಾ? ಚಾರ್ಜಿಗೆ ಹಾಕಿ ಟೀಚರ್, ಮಾತಿನ ಮಧ್ಯೆ ಸತ್ತುಹೋಗುತ್ತೆ… ವೈರು ಮಹಡಿ ಮೇಲಿದೆಯಾ? ಹಾಗಾದ್ರೆ ಬೇಗ ಕೇಳಿ. ಮಾತಾಡ್ತಾ ಮಾತಾಡ್ತಾ ಅಕ್ಷರ ಜೋಡಿಸಿದ್ದೀನಿ. ಜಾಗಕ್ಕೇನು, ಜನರಲ್ ಎದ್ದುಹೋದ್ರಲ್ಲ, ಬೇಕಾದಷ್ಟಿದೆ. ಓದ್ತೀನಿ.

"ಈ ಮನೆಯ ಅಡುಗೆಮನೆಯಲ್ಲಿ, 1804ರಲ್ಲಿ, ಫಿಲ್ಲಿಸಳ ಮಗಳು ಸೂಕಿ ಹುಟ್ಟಿದಳು. ಜುಲೈ ನಾಲ್ಕು ಎಂದು ಯಜಮಾನ ಬರೆದ. ಜುಲೈ ಐದು ಎಂದು ತಾಯಿ ಹೇಳಿದಳು. ಆ ಒಂದು ದಿನಕ್ಕಾಗಿ ಅವಳು ಅರವತ್ತೊಂದು ವರ್ಷ ಇಲ್ಲಿ ದುಡಿದಳು."

ಅಷ್ಟೇ. ಇದರಲ್ಲಿ ಸುಳ್ಳು ಇದೆಯಾ ಹೇಳಿ. ಅವನು ಬರೆದಿದ್ದೂ ನಿಜ, ಇವಳು ಹೇಳಿದ್ದೂ ನಿಜ. ಕನ್ನಡಕದ ಹುಡುಗಿ ಬಂದು ಭೂತಕನ್ನಡಿ ಹಿಡೀಲಿ ಬೇಕಾದ್ರೆ… ನಿಮ್ಮ ಮನೆ ಗೋಡೆ ಟೀಚರ್, ನೀವು ಬೇಡ ಅಂದ್ರೆ ಒಲೆ ಆರಿಸ್ತೀನಿ. ಆದ್ರೆ ಬರೀ ನಾಲ್ಕು ಅಂತ ನಾನು ಹೊಯ್ಯಲ್ಲ…



ಏನು?… ಹದ್ದು ಇರುತ್ತಾ ಅಂತಾ? ಅಯ್ಯೋ ನಿಮ್ಮ! ಇರಲಿ, ಹದ್ದು ಇರಲಿ. ಹಾಗಾದ್ರೆ ಹೊಯ್ಯಲಾ?… ಹೊಯ್ಯಿ ಅಂದ್ರಾ?… ಮೇಯರ್‌ಗೆ ನೀವೇ ಹೇಳ್ತೀರಾ?… ಆಯ್ತು… ಆಯ್ತು ಟೀಚರ್…

ಇನ್ನೇನು?… ಕಿಟಕಿ ಪಕ್ಕ? ಹೌದು, ಮೂರನೇ ಸಾಲು, ಕಿಟಕಿ ಪಕ್ಕ, ಅಲ್ಲೇ ಕೂರ್ತಿದ್ದೆ… ಹಸಿರು ಸ್ವೆಟರು, ಮೊಣಕೈ ತೂತು, ಹೌದು… ನೆನಪಿಲ್ಲ ಅಂದ್ರಲ್ಲ ಆಗಲೇ?… ನಾಚಿಕೆ ಆಗಿ ಅಂದ್ರಾ…

ಏನಂದ್ರಿ?… ನನ್ನನ್ನಾ ಕೇಳ್ತಿರೋದು? ಸೂಕಿ ಯಾವತ್ತು ಹುಟ್ಟಿದ್ಲು ಅಂತ? ಈಗ ತಾನೇ ಓದಿದೆನಲ್ಲ… ಹಾಂ. ಹಾಂ, ಅರ್ಥ ಆಯ್ತು. ಕ್ಲಾಸಲ್ಲಿ ಕೇಳೋ ಹಾಗೆ ಕೇಳ್ತಿದ್ದೀರಾ. ಎದ್ದು ನಿಂತು ಹೇಳ್ಬೇಕಾ?…

ನಿಂತೇ ಇದ್ದೀನಿ ಟೀಚರ್. ಐದು. ಜುಲೈ ಐದು…

ಹಲೋ?… ಕೇಳಿಸ್ತಾ ಟೀಚರ್? ಐದು ಅಂದೆ… ಹಲೋ?… ಹಲೋ?…