ಬಲಕ್ಕ ಇಳಿಯೂ ಗೆರಿ

ಅಲ್ಲವಾ ತಂಗಿ, ನಗಬ್ಯಾಡ! ಫೋನಿನ್ಯಾಗ ನೀನ ಹಂಗ ಅಂದಿ... 'ಪಾತ್ರ ತಗಿಯೂದು ಕಲೀಬೇಕ್ರಿ ಸರ್' ಅಂದಿ, ಹೌದಿಲ್ಲ? ನನ್ನ ಕಿವಿಗೆ ಅದು 'ಪಾತ್ರಿ' ಅಂತ ಬಿತ್ತು. ಮನಿ, ಸಾಲಿ, ಪಾತ್ರಿ... ನಮ್ಮ ಮಂದಿ ಮಾತೇ ಹಂಗ! ಅದಕ್ಕ ಮುಂಜಾನೆದ್ದು ಅಡಗೀಮನಿ ಹೊಕ್ಕು ಈ ಕೊಡ, ಈ ತಂಬಗಿ, ಈ ಬೋಗಾಣಿ ತಂದು, ನೀ ಚಿತ್ರಾ ತಗೀಲಿ ಅಂತ ಮೇಜಿನ ಮ್ಯಾಲ ಚಂದಾಗಿ ಜೋಡಿಸಿ ಇಟ್ಟೇನಿ. ಒಳಗ ನಮ್ಮ ಮನಿಯಾಕಿ ಮುರಿಗೆವ್ವ ಗೊಣಗಾಕತ್ತಾಳ, ಚಾ ಕಾಸಾಕ ಬೋಗಾಣಿ ಇಲ್ಲಂತ. ಕೇಳಸ್ತೈತಿಲ್ಲ?

ಹಾಂ... ಅಂದ್ರ ನಿನಗ ಬೇಕಾಗಿದ್ದು ಕಥಿಯೊಳಗಿನ ಪಾತ್ರ. ಮನಷ್ಯಾರು. ಮಾರಿ, ಕೈಕಾಲು, ಅಳು, ನಗು... ಇರಲಿ, ಇರಲಿ. ಮನಷ್ಯಾರು ಆದ್ರೂ ಮೊದಲ ಪಾತ್ರಿಯಿಂದನ ಸುರು ಮಾಡಬೇಕು. ನಾ ಮೂವತ್ತಾರು ವರ್ಷ ಡ್ರಾಯಿಂಗ್ ಮಾಸ್ತರಕಿ ಮಾಡೇನಿ, ನನಗ ಗೊತ್ತಿಲ್ಲೇನು?

ಏನದು, ಚೀಲದಾಗ? ತೋರಸು. ಟ್ಯಾಬ ಏನು? ಓಹೋ, ಗೆಳತೀದು. ನೀನೂ ಅಂಥಾದ್ದ ತಗೋಬೇಕೋ, ಪೆನ್ಸಿಲ್ ಹಾಳಿ ಸಾಕೋ ಅಂತ ಕೇಳಾಕ ಬಂದಿ. ಬ್ಯಾಡ! ಮುಚ್ಚಿ ಇಡು. ಇದರಾಗ ತಪ್ಪಾದ್ರ ಹಿಂದಕ ಒತ್ತತೀರಿ, ತಪ್ಪು ಮಾಯ. ಹಾಳಿ ಮ್ಯಾಲ ಹಂಗ ನಡಿಯೂದಿಲ್ಲ. ರಬ್ಬರ್ ಹಚ್ಚಿ ಎಷ್ಟರ ತಿಕ್ಕು, ಬೆಳಕಿಗೆ ಹಿಡದ್ರ ಹಳೇ ಗೆರಿ ಕಾಣಸ್ತೈತಿ. ಹಾಳಿ ಏನೂ ಮರಿಯೂದಿಲ್ಲ, ತಂಗಿ. ಗೆರಿ ಯಾರದು, ಎಂಥಾ ಕೈದು... ಎಲ್ಲಾ ಹೇಳತೈತಿ. ಬರಕೋ ಇದನ್ನ!

ಪೆನ್ಸಿಲ್ ಅಂದ್ರ ಎಚ್‌ಬಿ ಒಂದು, ಟೂಬಿ ಎರಡು, ಸಿಕ್ಸ್‌ಬಿ ಒಂದು. ಬ್ಲೇಡಿನಲೆ ಕೆತ್ತಬೇಕು, ಶಾರ್ಪನರ್ ಮುಟ್ಟಬ್ಯಾಡ. ಮನಷ್ಯಾರನ್ನ ನೋಡಾಕ ಯೂಟ್ಯೂಬ್ ಯಾಕ ಬೇಕು? ಹುಬ್ಬಳ್ಳಿ ಹಳೇ ಬಸ್‌ಸ್ಟ್ಯಾಂಡಿನ್ಯಾಗ ಒಂದು ತಾಸು ಕುಂದ್ರು. ತೂಕಡಸೂ ಮಂದಿ, ಜಗಳಾಡೂ ಮಂದಿ, ಬಸ್ ತಪ್ಪಿಸಿಕೊಂಡು ನಿಂತ ಮಂದಿ... ಬೇಕಾದಷ್ಟು ಪಾತ್ರ! ನಾನೂ ಹಂಗ... ಹಂಗ ಕಲ್ತಾಂವ.

ಯಾಕ, ಗ್ವಾಡಿ ನೋಡಾಕತ್ತಿ? ಆ ಮುದುಕಿ ಪಟಾನ? ಬಂದವರೆಲ್ಲಾ ಮೊದಲ ಅದನ್ನ ನೋಡ್ತಾರ. ಅದು ನನಗ ರಾಜ್ಯ ಪ್ರಶಸ್ತಿ ತಂದ ಚಿತ್ರ. ಮುಂದಿನ ರವಿವಾರ ಧಾರವಾಡದಾಗ ನನ್ನ ಸನ್ಮಾನ ಐತಿ, ಗೊತ್ತಲ್ಲ? ಅದನ್ನ ದೊಡ್ಡದು ಮಾಡಿ ವೇದಿಕಿ ಹಿಂದ ಕಟ್ಟತಾರಂತ. ಕಿವೀ ಹಾಲಿ ಹರದೈತಿ ನೋಡು, ತೊಡಿ ಮ್ಯಾಲ ಅರ್ಧ ಹೊಲಿದ ಕೌದಿ... ಆಕಿ ಯಾರಂತ ಕೇಳ್ತಿ? ಯಾರೋ... ಸಂತ್ಯಾಗ ಕುಂತಿದ್ಲು. ಹೆಸರ ಕೇಳಲಿಲ್ಲ ನಾ.

ಆಮ್ಯಾಲೆ? ಆಮ್ಯಾಲೆ ಯಾಕ ಮನಷ್ಯಾರನ್ನ ತಗೀಲಿಲ್ಲ ಅಂದ್ರ... ಸಾಲಿ ಕೆಲಸ, ಪರೀಕ್ಷಾ ಕೆಲಸ... ಕಣ್ಣೂ ಮಂಜಾದೂ. ಬಿಡು ಅದನ್ನ! ನೀ ಹಾಳಿ ತಗೋ. ಯಾರನರ ತಗಿ. ಎದುರಿಗೆ ಇಲ್ಲದವರನ್ನ, ನಿನಗ ಚಲೋ ಗೊತ್ತಿದ್ದವರನ್ನ. ಕೈ ಹೆಂಗ ಐತಿ ನೋಡೂಣು.

ಏ ಏ ಏ! ಎಡಗೈ? ಎಡಗೈಲೆ ತಗೀತಿಯೇನು? ಪೆನ್ಸಿಲ್ ಬಲಗೈಗೆ ಕೊಡು. ಯಾಕ ಹಂಗ ನೋಡ್ತಿ? ಕೈ ಹಾಳಿ ಮ್ಯಾಲ ಒರಸಿ ಎಲ್ಲಾ ರಾಡಿ ಆಗ್ತೈತಿ. ನನ್ನ ಕ್ಲಾಸಿನ್ಯಾಗ ಒಬ್ಬ ಎಡಚ ಇದ್ದ. ಸುಳ್ಳದಿಂದ ಬಸ್ಸಿಗೆ ಬರತಿದ್ದ. ನಗಬ್ಯಾಡವಾ, ಊರ ಹೆಸರ ಸುಳ್ಳ, ಮಾತು ಖರೇ! ಎಷ್ಟ ಹೇಳಿದ್ರೂ ಕೇಳವಲ್ಲ. ಕೈಗೆ ಕರಚೀಪ ಕಟ್ಟಿ ಕುಂದ್ರಸ್ತಿದ್ದೆ. ಒಂದ ದಿನ ಎಡಗೈಲೆ ಒಂದು ಚಿತ್ರ ತಗದು ಪ್ರದರ್ಶನಕ್ಕ ಕಳಸ್ರಿ ಅಂತ ತಂದ. ಏನ ಮಾಡೇನಿ? ಟರ್ ಅಂತ ಹರದು ಒಗದೆ! ಹಂಗ ಬಿಗಿ ಇರಬೇಕು ಮಾಸ್ತರು. ಅಂದಿನಿಂದ... ಅಂದಿನಿಂದ ಆಂವ ನೆಟ್ಟಗಾದ.

ಪೆನ್ಸಿಲ್ ಯಾಕ ಕೆಳಗ ಇಟ್ಟಿ? ಬೈದೆ ಅಂತ ಸಿಟ್ಟೇನು? ಆತು, ಆತು, ನಿನಗ ಹೆಂಗ ಬರತೈತಿ ಹಂಗ ತಗಿ. ನಾ ಆಚಿ ಕಡೆ ನೋಡ್ತೇನಿ... ಮುರಿಗೆವ್ವಾ, ಚಾ ಆತೇನ? ಬೋಗಾಣಿ ಬೇಕೇನು? ಇರಲಿ, ಇರಲಿ ತಡಿ!

...ಭಾಳ ಲಗೂ ತಗೀತಿ. ಕೊಡಿಲ್ಲೆ. ಗಂಡಸು... ಹಣಿ ಅಗಲ... ಚಲೋ ಐತಿ. ಖರೇನ ಚಲೋ ಐತಿ, ತಂಗಿ. ಈ ಹುಬ್ಬಿನ ಹಿಂಗ... ಇವನ್ನ ನಾ ಎಲ್ಲೋ ನೋಡೇನಿ. ಯಾರಿಂವ?

ಅಪ್ಪಾ... ನಿಮ್ಮಪ್ಪ. ಏನಂತ ಹೆಸರು?

ಅಂಬರೀಷ.

ಇಲ್ಲಿಲ್ಲ, ಏನಿಲ್ಲ. ನೀರ... ಈ ತಂಬಗ್ಯಾಗ ನೀರಿಲ್ಲ. ಚಿತ್ರಕ್ಕಂತ ಇಟ್ಟಿದ್ದೆ, ಖಾಲಿ. ಹಂಗಾರ ನೀನು ಸುಳ್ಳದ ಅಂಬರೀಷನ ಮಗಳು. ಫೋನಿನ್ಯಾಗ ಬರೇ ಯಶೋಧರಾ ಅಂದಿ. ಅಪ್ಪನ ಹೆಸರ ಹೇಳಲಿಲ್ಲಲ್ಲವಾ! ಈಗೇನ ಮಾಡ್ತಾನ? ಸತ್ತೂರ ದವಾಖಾನ್ಯಾಗ ಕ್ಲಾರ್ಕ... ಚಲೋ ಆತು, ಚಲೋ ಆತು. ಆಂವನ ಕಳಸಿದ್ನಾ ನಿನ್ನ? ಏನಂದ? 'ಮನಷ್ಯಾರನ್ನ ತಗಿಯೂದು ಕಲೀಬೇಕಂದ್ರ ಗುರುಸಿದ್ದಯ್ಯ ಮಾಸ್ತರ ಹಂತ್ಯಾಕ ಹೋಗು' ಅಂದ್ನಾ?... ಹಂಗ ಅಂದ್ನಾ ಆಂವ?

ನೋಡು, ನಾ ಒಂದ ಮಾತು ಹೇಳ್ತೇನಿ ಕೇಳು. ನೀ ಟ್ಯಾಬ ತಗೋ. ಹೂಂ, ಮೊದಲ ಬ್ಯಾಡ ಅಂದೆ, ಈಗ ತಗೋ ಅನ್ನಾಕತ್ತೇನಿ! ಕಾಲ ಬದಲಾಗೇತಿ. ಯೂಟ್ಯೂಬಿನ್ಯಾಗ ನನಗಿಂತ ಶಾಣ್ಯಾ ಮಂದಿ ಅದಾರ. ಪೆನ್ಸಿಲ್ಲೂ ಒಯ್ಯಿ, ಈ ಡಬ್ಬಿ ಪೂರಾ ಒಯ್ಯಿ, ನನಗೇನ ಮಾಡೂದೈತಿ? ಬ್ಯಾರೆ ಮಾಸ್ತರು ಸಿಗತಾರ ನಿನಗ. ನನಗ ವಯಸ್ಸಾತು. ಚಾ ಕುಡದು ಹೊಂಡು... ಕತ್ತಲಾಗೂದ್ರಾಗ ನವನಗರದ ಬಸ್ಸು...

ಹೌದು, ಹೌದು, ಈಗಿನ್ನೂ ಹನ್ನೊಂದು.

ಯಾಕ ಎದ್ದಿ? ಅಲ್ಲೇನೈತಿ? ಆ ಪಟದ ಹಂತ್ಯಾಕ ಹೋಗಬ್ಯಾಡ, ಗಾಜು ಸಡಲಾಗೇತಿ. ಏ ತಂಗಿ... ನಿನ್ನ ಹಾಳಿ ಯಾಕ ಅದರ ಬಾಜೂಕ ಹಿಡದಿ?

ಏನ ನೋಡ್ತಿ? ಬಾಯಿ ಬಿಟ್ಟರ ಹೇಳು!

ಗೆರಿ... ಗೆರಿ ಬಲಕ್ಕ ಇಳದಾವ. ನನಗೂ ಕಾಣಸ್ತೈತಿ. ಬಲಗೈಯವರು ಛಾಯಾ ಕೊಟ್ಟರ ಗೆರಿ ಮ್ಯಾಲಿಂದ ಎಡಕ್ಕ ಇಳೀತಾವ. ಎಡಚರದು ಬಲಕ್ಕ. ನಿನ್ನವೂ ಬಲಕ್ಕ ಅದಾವ, ಅದರಾಗಿನವೂ... ಅದೇನ ದೊಡ್ಡದಲ್ಲ, ನಾ ಅವತ್ತ ಹಾಳಿ ತಿರಿವಿ ಇಟ್ಟಕೊಂಡು... ಒಮ್ಮೊಮ್ಮೆ ನಾವು ಹಾಳಿ ತಿರಿವಿ...

ಹಂಗ ನೋಡಬ್ಯಾಡ ನನ್ನ. ಅದಕ್ಕಿಂತ ಬೈಯಿ!

ಯಾರೋ ಅಲ್ಲ ಆಕಿ. ಮುದಕವ್ವ ಅಂತ ಆಕಿ ಹೆಸರ. ನಿಮ್ಮಪ್ಪನ ಆಯಿ, ಅಜ್ಜಿ. ಕೌದಿ ಹೊಲಿಯಾಕತ್ತಾಗ ಅಂಗಳದಾಗ ಕುಂತು ತಗದಿದ್ದ, ಹದಿನಾಕು ವರ್ಷದ ಹುಡುಗ. ಎಡಗೈಲೆ. ಸ್ಟಾಫ್ ರೂಮಿನ್ಯಾಗ ನಾ ಒಬ್ಬನ ಕುಂತು ಬಿಚ್ಚಿ ನೋಡಿದೆ... ಬೆವರ ಬಂತು ತಂಗಿ. ನಾ ಆ ವಯಸ್ಸಿನ್ಯಾಗ, ಈ ವಯಸ್ಸಿನ್ಯಾಗ, ಯಾವ ವಯಸ್ಸಿನ್ಯಾಗೂ ಹಂಗ ಒಂದು ಮಾರಿ ತಗಿಲಿಲ್ಲ. ನನ್ನ ಕೈಗೆ ಬರೂದು ಇವಷ್ಟ... ಕೊಡ, ತಂಬಗಿ, ಬೋಗಾಣಿ. ಪಾತ್ರಿ! ನೀ ಫೋನಿನ್ಯಾಗ ಅಂದಾಗ ನನ್ನ ಕಿವಿಗೆ ಅದ ಬಿತ್ತು, ಯಾಕಂದ್ರ ನನಗ ಅದ ಬೇಕಾಗಿತ್ತು.

ಮೂಲ್ಯಾಗ ಆಂವ ಪೆನ್ಸಿಲ್ಲಿನಲೆ ಸಣ್ಣಂಗ ಹೆಸರ ಬರದಿದ್ದ. ಒರಸಿ, ಅದರ ಮ್ಯಾಲ ನಂದು ಶಾಯಿಲೆ ಬರದೆ. ಬೆಳಕಿಗೆ ಹಿಡದ್ರ ಇನ್ನೂ ಕಾಣಸ್ತೈತಿ... ಅದಕ್ಕ ಬೆಳಕ ಬೀಳದ ಗ್ವಾಡಿಗೆ ತೂಗ ಹಾಕೇನಿ. ಮುರಿಗೆವ್ವಗೂ ಗೊತ್ತಿಲ್ಲ. ಏ, ಮೆಲ್ಲಕ... ಆಕಿ ಕೇಳ್ತಾಳ.

ಹೂಂ? ಆಂವ ಕೇಳಲಿಲ್ಲೇನಂತ? ಕೇಳಿದ. ಹದಿನೈದು ದಿನ ಕೇಳಿದ, 'ಸರ್ ನನ್ನ ಚಿತ್ರ ಏನಾತ್ರಿ' ಅಂತ. ಕಡೀಕ ಕ್ಲಾಸಿನ್ಯಾಗ ಎಲ್ಲಾರ ಮುಂದ ಅಂದೆ... ಎಡಗೈ ಚಿತ್ರ, ಹೊಲಸಾಗಿತ್ತು, ಹರದು ಒಗದೆ ಅಂತ. ಹುಡುಗೂರು ನಕ್ಕರು.

ನಿಮ್ಮಪ್ಪ ಈಗ... ಈಗ ತಗೀತಾನಿಲ್ಲ? ರಜಾದಾಗರ? ಮನ್ಯಾಗ ಸುಮ್ಮನ, ಹಂಗ...?

ಅಂದಿನಿಂದ ಮುಟ್ಟಿಲ್ಲಾ?

ಯಶೋಧರಾ, ಪಟಾ ಬೇಕೇನು? ತಗಿ, ಒಯ್ಯಿ. ರವಿವಾರದ ಸನ್ಮಾನ ಬ್ಯಾಡ ಅಂತ ಹೇಳ್ತೇನಿ, ಆರಾಮಿಲ್ಲ ಅಂತ ಹೇಳ್ತೇನಿ... ಹಾಂ? ಅದೂ ಸುಳ್ಳ ಆಗ್ತೈತಿ. ಹೌದು. ಹಂಗಾರ ಏನ ಮಾಡಲಿ? ನೀನ ಹೇಳು!

ಯಾರಿಗೆ ಹಚ್ಚಿದಿ ಫೋನು? ...ಬ್ಯಾಡವಾ. ಇವತ್ತ ಬ್ಯಾಡ. ನಾ ನಾಳೆ ಖುದ್ದ ಸತ್ತೂರಕ್ಕ ಹೋಗಿ... ನನ್ನ ಕೈಯಾಗ ಯಾಕ ಕೊಟ್ಟಿ? ಗಂಟಿ ಬಾರಸಾಕತ್ತೇತಿ... ತಂಗಿ, ತಗೋ ಇದನ್ನ, ತಗೋ...

ಹಲೋ. ...ಹಲೋ, ಅಂಬರೀಷಾ? ಆಕಿ ಅಲ್ಲಪಾ. ನಾನು, ಗುರುಸಿದ್ದಯ್ಯ ಮಾಸ್ತರ. ಆರಾಮದೇನಿ, ಆರಾಮದೇನಿ... ನಮಸ್ಕಾರ ಬ್ಯಾಡೋ, ನನಗ ನಮಸ್ಕಾರ ಮಾಡಬ್ಯಾಡ ನೀ. ಮಗಳು ಇಲ್ಲೇ ಅದಾಳ. ಎಡಗೈಲೆ ತಗೀತಾಳ, ನಿನ್ನಂಗ.

ಅಂಬರೀಷಾ... ನಿಮ್ಮ ಆಯಿ ಚಿತ್ರಾ... ನಾ ಅದನ್ನ ಹರದಿಲ್ಲೋ.