ಹದಿನೇಳು ಹೊಲಿಗೆ

ಬಾಗಿಲು ಮುಂದೆ ಮಾಡಿ ಬಾ... ಹ್ಞಾಂ, ಈಗ ಹೇಳ್ತೀನಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗಳಿಗೇ ಆದದ್ದು.

ಅವತ್ತು ಅಕ್ಕ ಕೆಲಸದಿಂದ ಮನೆಗೆ ಹೊರಟಾಗ ರಾತ್ರಿ ಒಂಬತ್ತೂವರೆ. ಮ್ಯೂಸಿಯಂ ಹಿಂದೆ ಒಂದು ಓಣಿ, ಓಣಿಯ ತಿರುವಿನಲ್ಲಿ ಪಾಳು ಬಾವಿ, ಅದರ ಮೇಲೆ ಕಬ್ಬಿಣದ ಜಾಲರಿ. ದಿನಾ ಅದರ ಪಕ್ಕದಲ್ಲೇ ಓಡಾಡುವವಳು. ಅವತ್ತು ಮಾತ್ರ ಕಾಲು ಭಾರ. ಮಾಡಬಾರದ್ದು ಮಾಡಿ ಬಂದಿದ್ದಳಲ್ಲ...

ಅಕ್ಕನ ಕೆಲಸ ಹಳೇ ಪುಸ್ತಕಗಳ ಮ್ಯೂಸಿಯಂನಲ್ಲಿ. ಹರಿದ ಹಾಳೆಗೆ ತೇಪೆ, ಕಳಚಿದ ರಟ್ಟಿಗೆ ಹೊಲಿಗೆ. ಇಪ್ಪತ್ತೆರಡು ವರ್ಷ ಅದೇ. ಎಲ್ಲರೂ ಅವಳನ್ನ ಸೂಜಿಯಕ್ಕ ಅಂತಲೇ ಕರೆಯೋದು. ಅಲ್ಲಿರೋ ಒಂದೊಂದು ಪುಸ್ತಕಕ್ಕೂ ಒಂದೊಂದು ಕತೆ. ಪ್ರವಾಹದಲ್ಲಿ ತೇಲಿ ಬಂದದ್ದು, ಸೆರೆಮನೆಯಲ್ಲಿ ಇದ್ದಿಲಿನಿಂದ ಬರೆದದ್ದು... ಆ ತಿಂಗಳು ಬಂದದ್ದು ಒಂದು ಕೈಬರಹದ ಪುಸ್ತಕ. ತಂದುಕೊಟ್ಟವರು ಒಬ್ಬ ವಯಸ್ಸಾದ ಟೀಚರಮ್ಮ.

"ನಮ್ಮ ಮುತ್ತಜ್ಜಿ ಬರೆದದ್ದು," ಅಂದರಂತೆ. "ಕೊನೇ ಒಂಬತ್ತು ಹಾಳೆ ಅವಳೇ ಒಟ್ಟಿಗೆ ಸೇರಿಸಿ ಹೊಲಿದಿಟ್ಟಳು. ಮಾರನೇ ದಿನ ನಿಮ್ಮ ಮ್ಯೂಸಿಯಂ ಹಿಂದಿನ ಬಾವಿಕಟ್ಟೆ ಮೇಲೆ ಅವಳ ಚಪ್ಪಲಿ ಸಿಕ್ತು. ಅವಳು ಸಿಗಲಿಲ್ಲ. ಇವತ್ತಿನ ತನಕ ನಮ್ಮ ಮನೇಲಿ ಯಾರೂ ಆ ಹೊಲಿಗೆ ಮುಟ್ಟಿಲ್ಲ. ನೀವೂ ಮುಟ್ಟಬೇಡಿ."

ಮ್ಯೂಸಿಯಂ ನಡೆಸುವ ದೊಡ್ಡ ಸಾಹೇಬರು "ಆಯ್ತಮ್ಮ" ಅಂತ ಮಾತು ಕೊಟ್ಟರು. ಆ ಮಾತು ಹನ್ನೊಂದು ದಿನ ಉಳೀತು. ನಾಳೆ ಬೆಳಗ್ಗೆ ಪ್ರದರ್ಶನ ಅನ್ನುವಾಗ, ಸಂಜೆ ಎಲ್ಲರೂ ಹೋದ ಮೇಲೆ, ಪುಸ್ತಕ ತಂದು ಅಕ್ಕನ ಮೇಜಿನ ಮೇಲಿಟ್ಟರು.

"ಬಿಚ್ಚು."

"ಸಾರ್... ಮಾತು ಕೊಟ್ಟಿದ್ದೀರಲ್ಲ?"

"ಮಾತು ಕೊಟ್ಟವನು ನಾನು, ಬಿಚ್ಚೋಳು ನೀನು. ಇಬ್ಬರದೂ ತಪ್ಪಿಲ್ಲ," ಅಂತ ನಕ್ಕರು.

ಏನು ಮಾಡ್ತಾಳೆ, ನೌಕರಿ... ಸಣ್ಣ ಕತ್ತರಿ ತಗೊಂಡಳು. ಟಿಕ್... ಟಿಕ್... ಹದಿನೇಳು ಹೊಲಿಗೆ. ತುಂಡು ದಾರಗಳನ್ನ ಗಾಜಿನ ಬಟ್ಟಲಿಗೆ ಹಾಕಿದಳು. ಹಾಳೆ ಬಿಡಿಸುವಾಗ ಮುಖ ಆ ಕಡೆ ತಿರುಗಿಸಿಕೊಂಡಳು. ಒಂದಕ್ಷರ ಓದಲಿಲ್ಲ. ಸಾಹೇಬರು ಕನ್ನಡಕ ಏರಿಸಿ ಓದತೊಡಗಿದರು. ಮೊದಲನೇ ಹಾಳೆಗೆ ಮುಖದಲ್ಲಿ ನಗು ಇತ್ತು. ಮೂರನೇದಕ್ಕೆ ಇರಲಿಲ್ಲ. ತಲೆ ಎತ್ತದೇ ಹೇಳಿದರು, "ನೀನು... ಹೊರಡು."

ಹಾಗೆ ಹೊರಟವಳು ಬಾವಿ ಹತ್ತಿರ ಬಂದಳು. ಗಾಳಿ ಇಲ್ಲ. ಒಂದು ನಾಯಿಯೂ ಇಲ್ಲ. ಆಗ ಕೇಳಿಸ್ತು...

ಚುಕ್... ಸರ್ರ್ರ್.

ಚುಕ್... ಸರ್ರ್ರ್.

ಕಾಗದಕ್ಕೆ ಸೂಜಿ ಚುಚ್ಚಿ ದಾರ ಎಳೆಯೋ ಸದ್ದು. ಇಪ್ಪತ್ತೆರಡು ವರ್ಷ ಕೇಳಿದ ಸದ್ದು, ನಿದ್ದೆಯಲ್ಲೂ ಗುರುತು ಸಿಗುತ್ತೆ ಅವಳಿಗೆ. ಬರ್ತಿದ್ದದ್ದು ಜಾಲರಿ ಕೆಳಗಿನಿಂದ.

ಅಕ್ಕ ನಿಂತುಬಿಟ್ಟಳು. ಸದ್ದೂ ನಿಂತಿತು.

"ಎಷ್ಟು ಬಿಚ್ಚಿದೆ?"

ಪಿಸುಮಾತು. ಹೆಣ್ಣುದನಿ. ಕೋಪ ಇರಲಿಲ್ಲ... ಅದಕ್ಕೇ ಇನ್ನೂ ಭಯ ಆಯ್ತಂತೆ.

"ಹದಿ... ಹದಿನೇಳು."

"ಓದಿದೆಯಾ?"

"ಇಲ್ಲಮ್ಮಾ. ನನ್ನ ಮಗಳಾಣೆ."



"ಅವನು?"

ಹೌದು ಅಂದರೆ ಸಾಹೇಬರ ಗತಿ ಏನು? ಇಲ್ಲ ಅಂದರೆ ತನ್ನ ಗತಿ ಏನು? ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಅವಳ ಕಣ್ಣು... ಕೇಳು, ಅವಳ ಕಣ್ಣು ತಾನಾಗೇ ಮ್ಯೂಸಿಯಂ ಕಡೆ ಹೋಯ್ತು. ಅಲ್ಲಿ ಒಂದೇ ಒಂದು ಕಿಟಕಿಯಲ್ಲಿ ದೀಪ ಉರೀತಿತ್ತು.

ಜಾಲರಿ ಕಿರ್ರ್ ಅಂತು. ಅಷ್ಟೇ. ಆಮೇಲೆ ಒದ್ದೆ ಕಾಲಿನ ಸದ್ದು. ಪಚ್... ಪಚ್... ಪಚ್... ಅವಳ ಮೈಗೆ ತಾಗುವಷ್ಟು ಪಕ್ಕದಲ್ಲಿ ಹಾದು, ಅವಳು ಬಂದ ದಾರಿಯಲ್ಲೇ ಹೋಯ್ತು. ಕಣ್ಣಿಗೆ ಏನೂ ಕಾಣಲಿಲ್ಲ.

ಮನೆ ಅಲ್ಲಿಂದ ನೂರು ಹೆಜ್ಜೆ. ಓಡಿಬಿಡಬಹುದಿತ್ತು. ನಾನಾಗಿದ್ದರೆ ಓಡಿರ್ತಿದ್ದೆ, ತಿರುಗಿ ಸಹ ನೋಡ್ತಿರಲಿಲ್ಲ. ಅಕ್ಕ ಮ್ಯೂಸಿಯಂ ಕಡೆಗೇ ಓಡಿದಳು. ಸಾಹೇಬರು ಎಂಥವರಾದರೂ ಮನುಷ್ಯರಲ್ವಾ, ತಾನು ಕಣ್ಣಲ್ಲೇ ತೋರಿಸಿಕೊಟ್ಟುಬಿಟ್ಟೆನಲ್ಲ ಅಂತ.

ಗೇಟಿನಲ್ಲಿ ವಾಚ್‌ಮನ್ ಅವಳನ್ನ ನೋಡಿ ಕಣ್ಣುಜ್ಜಿಕೊಂಡ.

"ಏನಮ್ಮ... ಈಗ ತಾನೇ ಒಳಗೆ ಹೋದೆ. ಯಾವಾಗ ಹೊರಗೆ ಬಂದೆ?"

ಅಕ್ಕ ಅವನನ್ನ ದಾಟಿ ಒಳಗೆ ಓಡಿದಳು. ಮೆಟ್ಟಿಲು ಹತ್ತಿದಳು.

ಸಾಹೇಬರು ಮೇಜಿನ ಮುಂದೆ ನೆಟ್ಟಗೆ ಕೂತಿದ್ದರು. ಉಸಿರಾಡ್ತಿದ್ದರು. ಎದುರಿಗೆ ಪುಸ್ತಕ. ಕೊನೇ ಒಂಬತ್ತು ಹಾಳೆ ಮತ್ತೆ ಒಟ್ಟಿಗೆ ಹೊಲಿದಿತ್ತು. ಅಕ್ಕ ಕತ್ತರಿಸಿದ ತುಂಡು ದಾರಗಳು ಬಟ್ಟಲಲ್ಲಿ ಹಾಗೇ ಇದ್ದವು. ಹೊಲಿಗೆಯ ದಾರ ಮುಟ್ಟಿ ನೋಡಿದಳು... ಒದ್ದೆ.

"ಸಾರ್, ಇದನ್ನ ಯಾರು ಹೊಲಿದದ್ದು?"

ಅವರು ನಿಧಾನವಾಗಿ ತಿರುಗಿದರು. "ನೀನೇ ಅಲ್ವಾ... ಈಗಷ್ಟೇ ನನ್ನ ಪಕ್ಕದಲ್ಲಿ ಕೂತು ಹೊಲಿದವಳು? ಎಷ್ಟು ಮಾತಾಡಿಸಿದರೂ ತಲೆ ಎತ್ತಲಿಲ್ಲ."

ಆಮೇಲೆ ಅಕ್ಕನ ಕಾಲು ನೋಡಿದರು. ಒದ್ದೆ ಇರಲಿಲ್ಲ. ಪಕ್ಕದ ಕುರ್ಚಿಯ ಕೆಳಗೆ ನೀರು ನಿಂತಿತ್ತು. ಅವರ ಮುಖ ಸುಣ್ಣದ ಹಾಗೆ ಬಿಳಿಚಿತು.

ಪುಸ್ತಕ ಪ್ರದರ್ಶನಕ್ಕೆ ಇಡಲಿಲ್ಲ. ಬೆಳಗಾಗುತ್ತಲೇ ಅಕ್ಕ ಬಟ್ಟೆಯಲ್ಲಿ ಸುತ್ತಿ ಟೀಚರಮ್ಮನ ಕೈಗೆ ಕೊಟ್ಟು ಬಂದಳು. ಆ ಹಾಳೆಗಳಲ್ಲಿ ಏನಿತ್ತು ಅಂತ ಸಾಹೇಬರು ಹೆಂಡತಿಗೂ ಹೇಳಿಲ್ಲ. ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು ಮನೆಯಲ್ಲಿ ಕೂತರು.

ನಂಬಲ್ಲ ಅಂತೀಯಾ? ಹೋದ ತಿಂಗಳು ಅಕ್ಕನ ಜೊತೆ ನಾನೇ ಅವರ ಮನೆಗೆ ಹೋಗಿದ್ದೆ. ಚೆನ್ನಾಗೇ ಮಾತಾಡಿಸಿದರು. ಒಳಗಿನಿಂದ ಒಂದೊಂದೇ ಕುರ್ಚಿ ತಂದು ಹಾಕಿದರು, ತಾವು ಮಾತ್ರ ಗೋಡೆಗೆ ಒರಗಿ ನಿಂತೇ ಇದ್ದರು. ನಾವು ಹೋದದ್ದು ಇಬ್ಬರು... ಅವರು ಹಾಕಿದ್ದು ಮೂರು ಕುರ್ಚಿ. ನಾನೇ ಎಣಿಸಿದ್ದೀನಿ.