ಸಿದ್ದವ್ವನ ಬಚ್ಚಲಗಲ್ಲು

ರಾಣೆಬೆನ್ನೂರಿನ ಕೊನೆಯ ಬಸ್ಸು ಇಳಿದು ಕೊಟ್ರೇಶ ಒಬ್ಬನೇ ಮನೆಗೆ ಬರುತ್ತಿದ್ದ. ಕೊಟ್ರೇಶ ಅಂದರೆ ನನ್ನ ದೊಡ್ಡಪ್ಪನ ಮಗ. ಬ್ಯಾಡಗಿಯ ಅಂಚಿನಲ್ಲಿ ಅವರ ಮನೆ. ಎರಡು ಸಾವಿರದ ಆರನೇ ಇಸವಿ, ಚಳಿಗಾಲ. ಕರೆಂಟು ಹೋಗಿತ್ತು. ಮನೆಗೆ ಹೋಗಬೇಕಾದರೆ ಹಾಳುಬಾವಿ ದಾಟಬೇಕು...

ಬಾವಿ ಹತ್ತಿರ ಬಂದಾಗ ಸದ್ದು ಕೇಳಿತು.

ಟಣ್... ಟಣ್... ಟಣ್.

ಕಲ್ಲಿನ ಮೇಲೆ ಉಳಿ ಬೀಳುವ ಸದ್ದು. ಅವನು ನಿಂತ. ಸದ್ದೂ ನಿಂತಿತು. ಹೆಜ್ಜೆ ಎತ್ತಿದ. ಟಣ್...

"ಯಾರದು?"

ಬಾವಿಯ ಆ ಕಡೆ ಗಿಡ್ಡ ಹೆಂಗಸೊಬ್ಬಳು ಕುಕ್ಕರಗಾಲಿನಲ್ಲಿ ಕೂತಿದ್ದಳು. ತಲೆ ತುಂಬ ಸೆರಗು. ಮುಖ ಕಾಣಲಿಲ್ಲ.

"ತಮ್ಮಾ..." ಪಿಸುದನಿ. "ಭಾಳ ಎತ್ತರ ಆಗೈತಿ."

"ಏನು... ಏನು ಎತ್ತರ?"

"ಹುಡುಗಿ ಸುಟ್ಕೋತಾಳ."

ಕೊಟ್ರೇಶ ಚಪ್ಪಲಿ ಬಿಟ್ಟು ಓಡಿದ. ದನಿ ಅವನಿಗೆ ಗೊತ್ತಿತ್ತು. ಅವನ ತಾಯಿ ಸಿದ್ದವ್ವನ ದನಿ ಅದು. ಅವಳು ಸತ್ತು ಒಂದು ಮಳೆಗಾಲ ಕಳೆದಿತ್ತು.

ಇಲ್ಲಿ ಸ್ವಲ್ಪ ತಡೆಯಿರಿ. ಹೆದರಿಕೊಳ್ಳುವ ಮೊದಲು ನಿಮಗೆ ಸಿಟ್ಟು ಬರಬೇಕು. ಸಿದ್ದವ್ವ ದೊಡ್ಡವ್ವ ಹೇಗೆ ಸತ್ತಳು ಎಂದು ಕೇಳಿ.

ಆ ಮನೆಯ ಬಚ್ಚಲು ಹಿತ್ತಲ ಮೂಲೆಯಲ್ಲಿತ್ತು. ಬಾಗಿಲಿಲ್ಲ, ಹರಕು ಸೀರೆಯ ಪರದೆ. ಬಲ್ಬಿಲ್ಲ. ಗಂಡಸರು ಬೆಳಕು ಹರಿದ ಮೇಲೆ ಆರಾಮಾಗಿ ಸ್ನಾನ ಮಾಡುತ್ತಿದ್ದರು. ಹೆಂಗಸರು ಯಾರೂ ಏಳುವ ಮೊದಲೇ ಕತ್ತಲಲ್ಲಿ ಮುಗಿಸಬೇಕು. ಕೆಳಗೆ ಒಂದು ಗೇಣು ದಪ್ಪದ ಕರಿಕಲ್ಲು. ತಲೆಮಾರುಗಳ ಕಾಲು ತಿಕ್ಕಿ ತಿಕ್ಕಿ ಸಾಬೂನಿನಂತೆ ನುಣುಪಾಗಿತ್ತು.

"ನೋಡ್ರಿ, ಕಲ್ಲು ಜಾರತೈತಿ. ಟಾಕಿ ಹೊಡಸ್ರಿ," ಅನ್ನುತ್ತಿದ್ದಳು ದೊಡ್ಡವ್ವ. ಉಳಿಯಿಂದ ಸಣ್ಣ ಸಣ್ಣ ಗುಳಿ ಬೀಳಿಸಿ ಒರಟು ಮಾಡಿಸಿ ಎಂದು. ಒಬ್ಬ ಕಲ್ಲುಕುಟಿಗನಿಗೆ ಅರ್ಧ ದಿನದ ಕೆಲಸ.

ದೊಡ್ಡಪ್ಪ ಪ್ರಭುಲಿಂಗಪ್ಪ ಏನನ್ನುತ್ತಿದ್ದ ಗೊತ್ತೇ? "ನಮ್ಮವ್ವ ಜಾರಲಿಲ್ಲ. ನೀ ಯಾಕ ಜಾರ್ತಿ?"

ಆ ವರ್ಷ ಮನೆಯ ಮುಂಭಾಗಕ್ಕೆ ಬಣ್ಣ ಹೊಡೆಸಿದರು. ಕಂಪೌಂಡಿಗೆ ಕಬ್ಬಿಣದ ಗೇಟು ಬಂತು. ಬೀದಿಗೆ ಕಾಣುವುದೆಲ್ಲ ಹೊಸದಾಯಿತು! ಇನ್ನು ಕೊಟ್ರೇಶ... ಅವನಿಗೆ ಕೆಲಸ ರಾಣೆಬೆನ್ನೂರಿನ ಟೈಲ್ಸ್ ಅಂಗಡಿಯಲ್ಲಿ. ದಿನವಿಡೀ ಊರವರಿಗೆ ಬಿಸಿನೀರಿನ ನಳ, ಬೇಸಿನ್ನು, ಜಾರದ ಟೈಲ್ಸು ತೋರಿಸಿ ಮಾರುತ್ತಿದ್ದ. ತಾಯಿ ಕೇಳಿದರೆ, "ಈ ದೀಪಾವಳಿ ಆಗ್ಲಿ ಅವ್ವ."

ಒಂದು ಬೆಳಗಿನ ಜಾವ ಅವಳು ಜಾರಿ ಬಿದ್ದಳು. ತಲೆಯ ಹಿಂಭಾಗ ಆ ಕಲ್ಲಿಗೇ ಬಡಿಯಿತು. ಬಂದವರೆಲ್ಲ, "ಆಯುಷ್ಯ ಮುಗಿದಿತ್ತು," ಅಂದರು.

"ಆಯುಷ್ಯ ಮುಗಿದಿರಲಿಲ್ಲ. ಬಚ್ಚಲ ಕೊಂದೈತಿ," ಅಂದೆ ನಾನು.

"ಬಂದ ನೋಡ್ರಿ, ಮೈಕಿಲ್ಲದ ಭಾಷಣಕಾರ," ಅಂದ ದೊಡ್ಡಪ್ಪ.

ಆಮೇಲೆ ಬುದ್ಧಿ ಬಂತು. ಹೊಸ ಬಚ್ಚಲು, ಬಾಗಿಲು, ನಳ, ದೀಪ. ಅವಳು ಕೇಳಿದ್ದೆಲ್ಲ ಅವಳು ಹೋದ ಮೇಲೆ ಬಂತು. ಕರಿಕಲ್ಲನ್ನು ಹಾರೆ ಹಾಕಿ ಎಬ್ಬಿಸಿ, ನಾಲ್ಕು ಗಟ್ಟಿ ಆಳು ಹೊತ್ತು ಹಾಳುಬಾವಿಯ ಪಕ್ಕ ಎಸೆದರು. ಅಡುಗೆಮನೆಗೂ ಕೈ ಹಾಕಿದರು. ನೆಲದ ಒಲೆ ಕಿತ್ತರು. ಗ್ರಾನೈಟಿನ ಎತ್ತರದ ಕಟ್ಟೆ, ಅದರ ಮೇಲೆ ಗ್ಯಾಸು, ನೆಲಕ್ಕೆ ಮಿಂಚುವ ಟೈಲ್ಸು.

ಗೌಂಡಿ ಮಹಮ್ಮದಗೌಸ ದಾರ ಹಿಡಿದು ಕೇಳಿದ: "ಯಜಮಾನ್ರ, ಕಟ್ಟಿ ಎಷ್ಟು ಎತ್ತರ ಮಾಡ್ಲಿ? ಅಡಗಿ ಮಾಡೋರನ್ನ ಕರೀರಿ, ಅಳತಿ ತಗೋತೇನಿ."

"ಮನಿ ಯಾರದು?"

"ನಿಮ್ದುರಿ."

"ಮತ್ತ? ನನ್ನ ಅಳತಿ ತಗೋ."

ದೊಡ್ಡಪ್ಪ ಆರಡಿ ಆಳು. ಹುಟ್ಟಿದ ಮೇಲೆ ಒಂದು ಲೋಟ ಚಹಾ ಕಾಸಿದವನಲ್ಲ. ಅವನ ಸೊಂಟಕ್ಕೆ ಕಟ್ಟೆ ಎದ್ದಿತು. ಗೌಂಡಿ ಬಾಯಿ ಬಿಡಲಿಲ್ಲ. ಕೊಟ್ರೇಶನೂ ಬಿಡಲಿಲ್ಲ.

ಅಡುಗೆ ಮಾಡಬೇಕಾದವಳು ಕೊಟ್ರೇಶನ ಹೆಂಡತಿ ಭುವನಾ. ಅತ್ತೆಯಂತೆ ಅವಳೂ ಗಿಡ್ಡ. ಗ್ಯಾಸಿನ ಮೇಲಿಟ್ಟ ಪಾತ್ರೆಯ ಬಾಯಿ ಅವಳ ಗದ್ದಕ್ಕೆ ಬರುತ್ತಿತ್ತು. ಬೆರಳ ತುದಿಯಲ್ಲಿ ನಿಂತು, ಒಳಗೆ ಏನಿದೆ ಎಂದು ಕಾಣದೆ, ಕುದಿಯುವ ಅನ್ನದ ಬೋಗುಣಿ ಇಳಿಸಬೇಕು. ಬಕೀಟು ಬೋರಲು ಹಾಕಿ ನಿಂತಳು. ಹೊಸ ಟೈಲ್ಸ್ ಮೇಲೆ ಬಕೀಟು ಸರ್ರನೆ ಜಾರಿತು. ಗಂಜಿ ಕೈಮೇಲೆ ಸುರಿದು, ಮೊಣಕೈಯಿಂದ ಮುಂಗೈವರೆಗೆ ಚರ್ಮ ಎದ್ದಿತು.

"ಮಾವಾರ, ಕಟ್ಟಿ ಒಂದು ಗೇಣು ಇಳಿಸಿದ್ರ..."

"ಕೂಡಿಸಿದ ಕಲ್ಲು ಕೀಳಬಾರದವ್ವ. ಮನಿಗೆ ಕೇಡು. ನೀನ ಇನ್ನೊಂದು ಗೇಣು ಬೆಳೀಬೇಕಿತ್ತು." ಅಂದು ನಕ್ಕ. ಮುಂದಿನ ಸಲ ಮುಖ ಸುಡುತ್ತದೆಂದು ಅವಳಿಗೆ ಗೊತ್ತಿತ್ತು.

ಈಗ ಆ ರಾತ್ರಿಗೆ ಬನ್ನಿ.

ಕೊಟ್ರೇಶ ಬೆವೆತು ಒಳಗೆ ಬಂದು ಬಾಗಿಲು ಹಾಕಿದ. "ಅವ್ವ... ಅವ್ವ ಬಂದಿದ್ಲು."

"ಏನಂದ್ರು ಅತ್ತಿ?"

"ಎತ್ತರ ಆಗೈತಂತ. ನೀ ಸುಟ್ಕೋತಿ ಅಂತ."

ಭುವನಾ ತನ್ನ ಸುಟ್ಟ ಕೈ ನೋಡಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು: "ಸತ್ತೋರಿಗೆ ತಿಳೀತು. ನೀವೂ ಸತ್ತ ಮ್ಯಾಲೇ ತಿಳ್ಕೋತೀರೇನು?"

ಅಷ್ಟರಲ್ಲಿ ಅಡುಗೆಮನೆಯಿಂದ... ಜರ್ರ್... ತುಸು ಹೊತ್ತು ಏನಿಲ್ಲ... ಮತ್ತೆ ಜರ್ರ್... ಭಾರವಾದದ್ದನ್ನು ಯಾರೋ ಎಳೆಯುತ್ತಿದ್ದರು. ಕೊನೆಗೆ ಧಡ್ ಎಂದಿತು. ಇಬ್ಬರೂ ಏಳಲಿಲ್ಲ.

ಬೆಳಿಗ್ಗೆ ನೋಡಿದರೆ ಹಿತ್ತಲ ಬಾಗಿಲಿನ ಚಿಲಕ ಹಾಕಿದ ಹಾಗೇ ಇತ್ತು. ಕಟ್ಟೆಯ ಬುಡದಲ್ಲಿ, ಗ್ಯಾಸಿನ ಮುಂದೆ, ಆ ಕರಿಕಲ್ಲು ಕೂತಿತ್ತು. ಮೈತುಂಬ ಹೊಸ ಟಾಕಿ. ಗುಳಿಗಳಲ್ಲಿ ಬಿಳಿ ಪುಡಿ. ಭುವನಾ ಕಾಲಿಟ್ಟಳು. ಜಾರಲಿಲ್ಲ. ಬೋಗುಣಿ ಅವಳ ಕೈಗೆ ಸರಿಯಾಗಿ ಬಂತು.

ಸುದ್ದಿ ತಿಳಿದು ನಾನು ಹಾವೇರಿ ಬಸ್‌ಸ್ಟ್ಯಾಂಡಿನ ಧರಣಿಯಿಂದ ಎದ್ದು ಓಡಿ ಬಂದೆ. ದೊಡ್ಡಪ್ಪ ಅಳುತ್ತಿದ್ದ. ಇನ್ನಾದರೂ ಕಟ್ಟೆ ಒಡೆಸುತ್ತಾನೆ ಅಂದುಕೊಂಡೆ. ಅವನು ಮಾಡಿದ್ದೇನು? ಕಲ್ಲಿಗೆ ವಿಭೂತಿ ಬಳಿದಿದ್ದ. ಕುಂಕುಮ, ಹೂವು, ಊದಿನಕಡ್ಡಿ.

"ನನ್ನ ಹೇಣ್ತಿ ದೇವರಾಗಿ ಬಂದಾಳ. ಇದರ ಮ್ಯಾಲ ಯಾರೂ ಕಾಲಿಡಂಗಿಲ್ಲ."

ಕಾಲಿಡುವಂತಿಲ್ಲ! ಮೊದಲು ಕಟ್ಟೆಗೆ ಒತ್ತಿಕೊಂಡಾದರೂ ನಿಲ್ಲುತ್ತಿದ್ದಳು. ಈಗ ನಡುವೆ ದೇವರು. ಭುವನಾ ಕಲ್ಲಿನ ಈಚೆ ನಿಂತು, ಬೆಂಕಿಯ ಮೇಲೆ ಬಾಗಿ, ಸುಟ್ಟ ಕೈ ಚಾಚುತ್ತಿದ್ದಳು.

"ದೊಡ್ಡಪ್ಪ, ಆಕಿ ಪೂಜಿ ಮಾಡಿಸ್ಕೊಳ್ಳಾಕ ಬಂದಿಲ್ಲ. ತುಳಿಸ್ಕೊಳ್ಳಾಕ ಬಂದಾಳ!"

"ನಿನ್ನ ಹೋರಾಟ ಬಸ್‌ಸ್ಟ್ಯಾಂಡಿನ್ಯಾಗ ಇಟ್ಕೋಲೇ."

ಕೊಟ್ರೇಶ ನೆಲ ನೋಡುತ್ತಿದ್ದ. ಟೈಲ್ಸ್ ಎಣಿಸುತ್ತಿದ್ದನೋ ಏನೋ.

ಅನ್ನ ಉಕ್ಕಿತು. ಮುಚ್ಚಳ ಟಪಟಪ ಅಂದಿತು. ಭುವನಾ ನಮ್ಮ ಮೂವರನ್ನೂ ಒಮ್ಮೆ ನೋಡಿದಳು. ನಿರಿಗೆ ಸಿಕ್ಕಿಸಿಕೊಂಡಳು. ಬಗ್ಗಿ ಹೂವು ಸರಿಸಿದಳು. ಬರಿಗಾಲಲ್ಲಿ ಕಲ್ಲಿನ ಮೇಲೆ ಹತ್ತಿ ನಿಂತಳು.

"ಇಳೀ!" ಅಂತ ದೊಡ್ಡಪ್ಪ ಒದರಿದ.

ಅವಳು ತಿರುಗಲಿಲ್ಲ. ಬೋಗುಣಿ ಇಳಿಸಿ ಗಂಜಿ ಬಸಿದಳು. ಒಂದು ಹನಿಯೂ ಮೈಮೇಲೆ ಬೀಳಲಿಲ್ಲ. ಆಮೇಲೆ ಹಾಗೇ ನಿಂತುಬಿಟ್ಟಳು...

"ಬೆಚ್ಚಗ ಐತಿ," ಅಂದಳು.

"ಅನ್ನನಾ?" ಅಂದ ಕೊಟ್ರೇಶ.

"ಕಲ್ಲುರಿ."

ನಾನು ಕುಕ್ಕರಿಸಿ ಅಂಗೈ ಇಟ್ಟೆ. ಪಕ್ಕದ ಟೈಲ್ಸು ಐಸಿನಂತೆ ಕೊರೆಯುತ್ತಿತ್ತು. ಬೆಂಕಿ ಇದ್ದದ್ದು ಮೇಲೆ, ಕಟ್ಟೆಯ ಮೇಲೆ. ಕಲ್ಲು ಇದ್ದದ್ದು ನೆಲದಲ್ಲಿ. ದೊಡ್ಡಪ್ಪನನ್ನು ಕರೆದೆ, "ಬಾ, ಮುಟ್ಟಿ ನೋಡು." ಬರಲಿಲ್ಲ. ಹೊರಗೆ ಹೋಗಿ ತನ್ನ ಗೇಟು ಹಿಡಿದು ನಿಂತ.

ಕಟ್ಟೆ ಇವತ್ತಿಗೂ ಅಷ್ಟೇ ಎತ್ತರ. ಯಾರೂ ಒಡೆಸಲಿಲ್ಲ. ಭುವನಾ ಆ ಕಲ್ಲಿನ ಮೇಲೆ ನಿಂತೇ ರೊಟ್ಟಿ ಬಡಿಯುತ್ತಾಳೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಮುಟ್ಟಿದ್ದು ಖರೇ. ಬೆಚ್ಚಗಿತ್ತು... ಈಗಷ್ಟೇ ಎದ್ದು ಹೋದವರ ಹಾಸಿಗೆಯ ಹಾಗೆ.